ಕಡಲ ಕಾವಲೂ ಪರರ ರಹದಾರಿಯೂ

2025ನೆಯ ಡಿಸೆಂಬರ್ 17ನೆಯ ತಾರೀಖಿನಂದು ಗೋವೆಯ ‘ಹಂಸ’ ನೌಕಾ ವಿಮಾನನಿಲ್ದಾಣದಲ್ಲಿ ನಮ್ಮ ನೌಕಾಪಡೆಯ 335ನೆಯ ವಿಮಾನದಳವು ವಿಧ್ಯುಕ್ತವಾಗಿ ಸೇವೆಗೆ ಸೇರಿತು. ಈ ದಳಕ್ಕೆ ಒಪ್ಪಿಸಲ್ಪಟ್ಟಿರುವ ಯಂತ್ರಗಳು ಅಮೆರಿಕದಲ್ಲಿ ತಯಾರಾದ ಎಂ.ಎಚ್. 60 ಆರ್ ‘ಸೀಹಾಕ್’ ಎಂಬ ಹೆಲಿಕಾಪ್ಟರುಗಳು. ಇದೇ ಯಂತ್ರಗಳ ಮೊದಲನೆಯ ದಳವು 2024ನೆಯ ಮಾರ್ಚ್ 6ರಂದು ಕೊಚ್ಚಿಯಲ್ಲಿ ಸ್ಥಾಪಿತವಾಗಿತ್ತು. ಒಟ್ಟು 24 ಯಂತ್ರಗಳನ್ನು ಕೊಳ್ಳುವುದಕ್ಕಾಗಿ ನಮ್ಮ ಸರಕಾರದವರು 2020ನೆಯ ಫೆಬ್ರವರಿಯಲ್ಲಿ ಕರಾರು ಮಾಡಿಕೊಂಡರು. ಅದರ ವೆಚ್ಚವು ಅಂದಾಜು 260 ಕೋಟಿ ಡಾಲರುಗಳು. ನಾಲ್ಕು ಸಾಲಿನ ಸುದ್ದಿಯಾಗಿ ಬಂದು ಮರುದಿನವೇ ಮರೆತುಹೋಗತಕ್ಕ ವಿಷಯವಿದಲ್ಲ. ಉತ್ತರದ ಗೋವೆಗೂ ದಕ್ಷಿಣದ ಕೊಚ್ಚಿಗೂ ನಡುವೆ ಇರುವುದು ನಮ್ಮ ಕರಾವಳಿಯೇ. ಆದುದರಿಂದ ಈ ಕಾವಲಿನಿಂದ ನಮಗಾಗುವ ಹಿತವೇನು, ಈ ಕಾವಲು ಯಾರ ಅಂಕೆಯಲ್ಲಿದೆ ಎಂಬೆರಡು ಪ್ರಶ್ನೆಗಳನ್ನು ವಾಚಕರ ಮುಂದಿಡಲು ನಾವು ಇಚ್ಛಿಸುತ್ತೇವೆ.

ಕೊಲ್ಲೂರು ದಾರಿಯ ವಂಡ್ಸೆಯಲ್ಲಿ ಕುಳಿತವರಿಗೆ ಸಮುದ್ರಯುದ್ಧದ ಚಿಂತೆ ಏತಕ್ಕೆಂದು ಕೆಲವರು ಕೇಳಬಹುದು. ವಂಡ್ಸೆಯ ಮಗ್ಗುಲಲ್ಲಿ ಹರಿಯುವ ಚಕ್ರಾನದಿಯು ಎಲ್ಲಿಗೆ ಹೋಗುತ್ತದೆಂಬುದನ್ನು ಅವರು ನೆನೆದರೆ ಸಾಕು. ಅದು ಪಂಚಗಂಗಾವಳಿಯಲ್ಲಿ ಬೆರೆತು ಗಂಗೊಳ್ಳಿಯ ಅಳಿವೆಯಲ್ಲಿ ಕಡಲನ್ನು ಕೂಡುತ್ತದೆ. ಅದೇ ನೀರಿನ ದಾರಿಯಲ್ಲಿ ಒಂದು ಕಾಲಕ್ಕೆ ಬಸರೂರಿನ ಅಕ್ಕಿಯು ಪರದೇಶದ ಬಂದರುಗಳಿಗೆ ಹೋಗುತ್ತಿತ್ತು. ಬಸರೂರಿನ ವರ್ತಕರಲ್ಲಿ ಹಣವಿತ್ತು, ಹಡಗುಗಳಿದ್ದವು, ವ್ಯಾಪಾರದ ಜಾಣ್ಮೆಯಿತ್ತು; ಕಡಲನ್ನು ಕಾಯುವ ಬಲವೊಂದು ಮಾತ್ರ ಇರಲಿಲ್ಲ. ಪೋರ್ಚುಗೀಸರು 1569ರ ಹೊತ್ತಿಗೆ ಅಲ್ಲಿ ಕೋಟೆಯನ್ನು ಹಿಡಿದು ಕುಳಿತರು. ತಾವು ಬರೆದುಕೊಟ್ಟ ‘ಕಾರ್ತಾಜ್’ ಎಂಬ ರಹದಾರಿ ಚೀಟಿಯಿಲ್ಲದೆ ಈ ಕಡಲಿನಲ್ಲಿ ಯಾವ ಹಡಗೂ ತೇಲಕೂಡದೆಂಬುದು ಅವರ ಕಟ್ಟಳೆಯಾಗಿತ್ತು. ಚೀಟಿಯಿಲ್ಲದ ಹಡಗು ಸಿಕ್ಕಿದರೆ ಸರಕೂ ಅವರದು, ಹಡಗೂ ಅವರದು. ನಮ್ಮ ನೆಲದಲ್ಲಿ ಬೆಳೆದ ಅಕ್ಕಿ, ನಮ್ಮವರು ಕಟ್ಟಿದ ಹಡಗು, ನಮ್ಮ ಮನೆಯೆದುರಿನ ಕಡಲು. ಅಪ್ಪಣೆ ಮಾತ್ರ ಪರರದು. ಮುಂದೆ 1665ರಲ್ಲಿ ಶಿವಾಜಿಯು ನೌಕಾಬಲದೊಡನೆ ಬಂದು ಇದೇ ಬಸರೂರನ್ನು ಸೂರೆಮಾಡಿದನು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯು ನಮ್ಮ ಸೀಮೆಯ ಮಟ್ಟಿಗೆ ಬರಿಯ ಗಾದೆಯಲ್ಲ, ನಡೆದುಹೋದ ಚರಿತ್ರೆ.

ಈಗಿನ ಸ್ಥಿತಿಯಾದರೂ ಎಂಥದು? ಭಾರತದ ವಿದೇಶವ್ಯಾಪಾರದಲ್ಲಿ ತೂಕದ ಲೆಕ್ಕದಿಂದ ನೂರಕ್ಕೆ 95ರಷ್ಟೂ, ಬೆಲೆಯ ಲೆಕ್ಕದಿಂದ ನೂರಕ್ಕೆ 70ರಷ್ಟೂ ಸಮುದ್ರಮಾರ್ಗವಾಗಿಯೇ ನಡೆಯುತ್ತದೆಂದು ಸರಕಾರದ ಲೆಕ್ಕಗಳು ಹೇಳುತ್ತವೆ. ನಮ್ಮ ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆಯನ್ನು ಕೊರೆದು 25 ಲಕ್ಷ ಟನ್ ಕಚ್ಚಾ ಎಣ್ಣೆಯನ್ನು ಕೂಡಿಡತಕ್ಕ ಗುಹೆಗಳನ್ನು ನಿರ್ಮಿಸಲಾಗಿದೆ. ಮಂಗಳೂರಿನಲ್ಲಿ 15 ಲಕ್ಷ ಟನ್ನಿನ ಮತ್ತೊಂದು ಸಂಗ್ರಹವಿದೆ. ಆಪತ್ಕಾಲಕ್ಕೆಂದು ದೇಶವು ಇಟ್ಟುಕೊಂಡಿರುವ ಎಣ್ಣೆಯ ಮೂರು ನೆಲಗುಹೆಗಳ ಪೈಕಿ ಎರಡು ಇರುವುದು ನಮ್ಮ ತೀರದಲ್ಲಿಯೇ. ಆ ಎಣ್ಣೆಯು ಬರುವುದು ಹಡಗುಗಳಲ್ಲಿ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಎಷ್ಟೋ ಮನೆಗಳ ಒಲೆಯು ಉರಿಯುವುದು ಕೊಲ್ಲಿಯ ದೇಶಗಳಿಂದ ಬರುವ ಹಣದಿಂದ; ಇನ್ನೆಷ್ಟೋ ಮನೆಗಳ ಜೀವನವು ಗಂಗೊಳ್ಳಿ, ಮಲ್ಪೆಗಳ ಮೀನುಗಾರಿಕೆಯಿಂದ. ಅರಬ್ಬಿ ಸಮುದ್ರದ ಮಾರ್ಗಕ್ಕೆ ಭಂಗವುಂಟಾದರೆ ಅದರ ಪೆಟ್ಟು ದಿಲ್ಲಿಗಿಂತ ಮೊದಲು ಇಲ್ಲಿಗೆ ತಟ್ಟತಕ್ಕದ್ದು.

ಈ ಮಾರ್ಗಕ್ಕೆ ಅತ್ಯಂತ ದೊಡ್ಡ ಭಯವು ಕಣ್ಣಿಗೆ ಕಾಣುವ ಯುದ್ಧನೌಕೆಯಿಂದಲ್ಲ, ನೀರಿನಡಿಯಲ್ಲಿ ಅಡಗಿ ಚಲಿಸುವ ಜಲಾಂತರ್ಗಾಮಿಯಿಂದ. 1942ನೆಯ ನವಂಬರ್ 23ರಂದು ಮುಂಬಯಿಯಿಂದ ಆಫ್ರಿಕಕ್ಕೆ ಹೊರಟಿದ್ದ ‘ತಿಲಾವಾ’ ಎಂಬ ಪ್ರಯಾಣಿಕರ ಹಡಗನ್ನು ಜಪಾನೀ ಜಲಾಂತರ್ಗಾಮಿಯೊಂದು ಅರಬ್ಬಿ ಸಮುದ್ರದಲ್ಲಿ ಮುಳುಗಿಸಿತು. 280 ಮಂದಿ ಪ್ರಾಣ ಕಳೆದುಕೊಂಡರು. 1971ನೆಯ ಡಿಸೆಂಬರ್ 9ರ ರಾತ್ರಿ ದಿಯು ತೀರದಾಚೆ ಪಾಕಿಸ್ತಾನದ ‘ಹಂಗೋರ್’ ಎಂಬ ಜಲಾಂತರ್ಗಾಮಿಯು ನಮ್ಮ ‘ಖುಕ್ರಿ’ ನೌಕೆಯನ್ನು ಟಾರ್ಪಿಡೋ ಹೊಡೆದು ಮುಳುಗಿಸಿತು. 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಅಂದು ಮಡಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ತಮ್ಮ ನೌಕೆಯನ್ನು ಬಿಟ್ಟು ಬರಲಿಲ್ಲ. ಆ ವೀರರ ಧೈರ್ಯದಲ್ಲಿ ಲವಲೇಶವೂ ಕೊರತೆಯಿರಲಿಲ್ಲ, ಕೊರತೆಯಿದ್ದುದು ಸಾಧನದಲ್ಲಿ. ಖುಕ್ರಿಯ ವರ್ಗದ ನೌಕೆಗಳಲ್ಲಿ ಹೆಲಿಕಾಪ್ಟರು ಇಳಿಯುವುದಕ್ಕೆ ಸ್ಥಳವೇ ಇರಲಿಲ್ಲ. ಹಡಗಿನ ಕಿವಿಗಿಂತ ಜಲಾಂತರ್ಗಾಮಿಯ ಕಿವಿಯು ಹೆಚ್ಚು ದೂರ ಕೇಳುತ್ತಿತ್ತು.

ಈಗ ಪಾಕಿಸ್ತಾನವು ಚೀಣದೊಡನೆ 2015ರಲ್ಲಿ ಒಪ್ಪಂದ ಮಾಡಿಕೊಂಡು ಎಂಟು ಹೊಸ ಜಲಾಂತರ್ಗಾಮಿಗಳನ್ನು ಕಟ್ಟಿಸುತ್ತಿದೆ. ಅವುಗಳಲ್ಲಿ ಮೊದಲನೆಯದು 2024ನೆಯ ಏಪ್ರಿಲ್‌ನಲ್ಲಿ ಚೀಣದ ವುಹಾನ್ ನಗರದಲ್ಲಿ ನೀರಿಗಿಳಿಯಿತು. ಆ ವರ್ಗಕ್ಕೆ ಇಟ್ಟಿರುವ ಹೆಸರು ‘ಹಂಗೋರ್’. ಚೀಣದ ಜಲಾಂತರ್ಗಾಮಿಗಳು ತಾವೇ 2014ರಲ್ಲಿ ಕೊಲಂಬೋ ಬಂದರಿಗೂ 2015ರಲ್ಲಿ ಕರಾಚಿಗೂ ಬಂದು ಹೋದುದನ್ನು ಇದರೊಡನೆ ಸೇರಿಸಿ ಓದತಕ್ಕದ್ದು. ನೆರೆಯವರು ಹಳೆಯ ಹೆಸರನ್ನು ಮರೆತಿಲ್ಲ. ಆ ಹೆಸರು ನಮಗೆ ಕಲಿಸಿದ ಪಾಠವನ್ನು ನಾವೂ ಮರೆಯಲಾಗದು.

ನೀರಿನಡಿಯಲ್ಲಿರುವುದನ್ನು ಹುಡುಕುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2018ನೆಯ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮಂದಿ ಮೀನುಗಾರರೊಡನೆ ಹೊರಟ ‘ಸುವರ್ಣ ತ್ರಿಭುಜ’ ದೋಣಿಯು ಎರಡು ಮೂರು ದಿನಗಳೊಳಗೆ ಸಂಪರ್ಕ ತಪ್ಪಿ ಕಣ್ಮರೆಯಾಯಿತು. ಕಡಲಿನ ಮೇಲೂ ಆಕಾಶದಿಂದಲೂ ಶೋಧನೆ ನಡೆಯಿತು. ಮೀನುಗಾರರು ಬೀದಿಗಿಳಿದು ಮೊರೆಯಿಟ್ಟರು. ಮಹಾರಾಷ್ಟ್ರದ ಮಾಲ್ವಣ ತೀರದಾಚೆ, ಸುಮಾರು 60 ಮೀಟರ್ ಆಳದಲ್ಲಿ, ಅದರ ಅವಶೇಷವನ್ನು ನೌಕಾಪಡೆಯ ‘ನಿರೀಕ್ಷಕ’ ಹಡಗು ಪತ್ತೆಮಾಡಿದಾಗ 2019ನೆಯ ಮೇ ತಿಂಗಳು ಬಂದಿತ್ತು. ಚಲಿಸದೆ, ಅಡಗುವ ಉದ್ದೇಶವಿಲ್ಲದೆ ತಳದಲ್ಲಿ ಬಿದ್ದಿದ್ದ ಒಂದು ದೋಣಿಯನ್ನು ಕಾಣುವುದಕ್ಕೆ ನಾಲ್ಕು ತಿಂಗಳಿಗೂ ಮಿಕ್ಕಿ ಕಾಲ ಹಿಡಿಯಿತೆಂದ ಮೇಲೆ, ಅಡಗುವುದನ್ನೇ ವಿದ್ಯೆಯಾಗಿ ಕಲಿತು, ಗಳಿಗೆಗೊಂದು ಸ್ಥಳ ಬದಲಾಯಿಸುವ ಜಲಾಂತರ್ಗಾಮಿಯನ್ನು ಹುಡುಕುವ ಕಾರ್ಯವು ಎಷ್ಟು ದುಸ್ತರವೆಂಬುದನ್ನು ಊಹಿಸಬಹುದು.

ಇದಕ್ಕೆ ಕಾರಣವುಂಟು. ಬೆಳಕೂ ರೇಡಿಯೋ ಅಲೆಗಳೂ ಸಮುದ್ರದ ನೀರಿನಲ್ಲಿ ಬಹುದೂರ ಹೋಗಲಾರವು, ಹೋಗತಕ್ಕದ್ದು ಧ್ವನಿಯೊಂದೇ. ಆದುದರಿಂದ ಧ್ವನಿಯನ್ನು ಕಳುಹಿಸಿ ಅದರ ಮಾರ್ದನಿಯನ್ನು ಆಲಿಸುವ ಸೋನಾರ್ ಯಂತ್ರವೇ ಇಲ್ಲಿ ಮುಖ್ಯ ಸಾಧನ. ಆದರೆ ನಮ್ಮ ಉಷ್ಣಪ್ರದೇಶದ ಕಡಲಿನಲ್ಲಿ ಬಿಸಿಲಿನಿಂದ ಮೇಲ್ಪದರವು ಬೆಚ್ಚಗೂ ಅದರ ಕೆಳಗಿನ ಪದರವು ತಣ್ಣಗೂ ಇರುವುದರಿಂದ, ಹಡಗಿನ ತಳದ ಸೋನಾರಿನಿಂದ ಹೊರಟ ಧ್ವನಿಯು ಆ ಎರಡು ಪದರಗಳ ಗಡಿಯಲ್ಲಿ ಬಾಗಿ ಬೇರೆ ದಾರಿ ಹಿಡಿಯುತ್ತದೆ. ಹಾಗೆ ಧ್ವನಿ ತಲುಪದ ನೆರಳಿನಲ್ಲಿ ಜಲಾಂತರ್ಗಾಮಿಯು ನಿಶ್ಚಿಂತೆಯಿಂದ ಅಡಗಿರಬಲ್ಲದು. ಮೇಲಾಗಿ ಹಡಗಿನ ಯಂತ್ರದ ಸದ್ದು ಬಹುದೂರದಿಂದಲೇ ಅದಕ್ಕೆ ಕೇಳಿಸುತ್ತದೆ. ಹೆಲಿಕಾಪ್ಟರಿನ ಪ್ರಯೋಜನವಿರುವುದು ಇಲ್ಲಿಯೇ. ಅದು ಹಡಗಿನಿಂದ ಎದ್ದು ಬಹುದೂರ ಹೋಗಿ, ನೀರಿನ ಮೇಲೆ ನಿಂತಲ್ಲೇ ನಿಂತು, ತಂತಿಯ ತುದಿಯಲ್ಲಿ ಸೋನಾರನ್ನು ಕೆಳಗಿನ ತಣ್ಣನೆಯ ಪದರದವರೆಗೆ ಇಳಿಬಿಡುತ್ತದೆ, ಆಲಿಸುತ್ತದೆ, ಎಳೆದುಕೊಂಡು ಇನ್ನೊಂದೆಡೆಗೆ ಹಾರುತ್ತದೆ. ಇದಲ್ಲದೆ, ತೇಲುತ್ತ ಆಲಿಸಿ ಸುದ್ದಿ ಕಳುಹಿಸುವ ಬುರುಡೆಗಳನ್ನೂ ಕಡಲಿನಲ್ಲಿ ಅಲ್ಲಲ್ಲಿ ಉದುರಿಸುತ್ತದೆ. ಶತ್ರುವು ಪತ್ತೆಯಾದರೆ ತನ್ನಲ್ಲಿರುವ ಟಾರ್ಪಿಡೋವನ್ನು ತಾನೇ ಬಿಡುತ್ತದೆ. ಜಲಾಂತರ್ಗಾಮಿಯು ಹಡಗನ್ನು ಟಾರ್ಪಿಡೋವಿನಿಂದ ಹೊಡೆದಂತೆ ಆಕಾಶದಲ್ಲಿರುವ ಇದನ್ನು ಹೊಡೆಯಲಾರದು. ತನ್ನ ತೂಕವೂ ಸೇರಿ ಒಟ್ಟು ಹತ್ತು ಟನ್ನಿಗೂ ಮಿಕ್ಕಿದ ಭಾರದೊಡನೆ ಏಳಬಲ್ಲ ಸೀಹಾಕ್, ಇದರೊಂದಿಗೆ ರಾಡಾರಿನಿಂದ ಕಡಲಿನ ಮೇಲ್ಮೈಯನ್ನು ಜಾಲಾಡುವುದು, ಕ್ಷಿಪಣಿಯಿಂದ ಸಣ್ಣ ನೌಕೆಗಳನ್ನು ತಡೆಯುವುದು, ಆಪತ್ತಿನಲ್ಲಿರುವವರನ್ನು ಎತ್ತಿ ತರುವುದು ಮುಂತಾದ ಹಲವು ಕೆಲಸಗಳನ್ನು ಮಾಡತಕ್ಕದ್ದು. ಬಹುಕಾರ್ಯ ಹೆಲಿಕಾಪ್ಟರೆಂಬ ಹೆಸರು ಬಂದುದು ಆ ಕಾರಣದಿಂದ.

ನೌಕಾಪಡೆಯ ಹೆಲಿಕಾಪ್ಟರು ಯುದ್ಧಕಾಲಕ್ಕೆ ಮಾತ್ರ ಬೇಕಾದ ವಸ್ತುವೆಂದು ಯಾರೂ ತಿಳಿಯಬಾರದು. 2021ನೆಯ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ನಮ್ಮ ತೀರವನ್ನು ಬಡಿದಾಗ ‘ಕೋರಮಂಡಲ್ ಸಪೋರ್ಟರ್’ ಎಂಬ ಟಗ್ ನೌಕೆಯು ಮೂಲ್ಕಿಯಾಚೆಯ ಬಂಡೆಗಳಲ್ಲಿ ಸಿಕ್ಕಿ ಒಂಬತ್ತು ಮಂದಿ ಪ್ರಾಣಸಂಕಟದಲ್ಲಿದ್ದರು. ಐವರನ್ನು ಕರಾವಳಿ ರಕ್ಷಣಾಪಡೆಯ ‘ವರಾಹ’ ನೌಕೆಯವರು ಉಳಿಸಿದರು. ಉಳಿದ ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರು ಮೇಲಕ್ಕೆತ್ತಿ ತಂದಿತು. ಆ ಹೆಲಿಕಾಪ್ಟರು ನಮ್ಮ ಬೆಂಗಳೂರಿನಲ್ಲಿಯೇ ತಯಾರಾದ ‘ಧ್ರುವ’ ಜಾತಿಯದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದರ ಅಗತ್ಯ ಬರುತ್ತದೆ.

ಸೀಹಾಕ್ ನಮ್ಮಲ್ಲಿಗೆ ಬಂದ ದಾರಿಯನ್ನು ಈಗ ನೋಡೋಣ. ನೌಕಾಪಡೆಯು 1971ರಲ್ಲಿ ಬ್ರಿಟನ್ನಿನಿಂದ ‘ಸೀಕಿಂಗ್’ ಹೆಲಿಕಾಪ್ಟರುಗಳನ್ನು ತರಿಸಿತು. ದಶಕಗಳ ಕಾಲ ಅವೇ ಜಲಾಂತರ್ಗಾಮಿಗಳ ವಿರುದ್ಧ ನಮ್ಮ ಮುಖ್ಯ ಆಧಾರವಾಗಿದ್ದವು. ತಯಾರಿಸಿದವರು ಬ್ರಿಟಿಷರಾದರೂ ಮೂಲ ವಿನ್ಯಾಸವೂ ಎಷ್ಟೋ ಬಿಡಿಭಾಗಗಳೂ ಅಮೆರಿಕದವು. 1998ನೆಯ ಮೇ ತಿಂಗಳಲ್ಲಿ ಪೋಖರಣದಲ್ಲಿ ಅಣುಪರೀಕ್ಷೆ ನಡೆದೊಡನೆ ಅಮೆರಿಕವು ನಮ್ಮ ಮೇಲೆ ನಿರ್ಬಂಧಗಳನ್ನು ಹೇರಿ ಬಿಡಿಭಾಗಗಳನ್ನು ತಡೆಹಿಡಿಯಿತು. ಶತ್ರುವು ಒಂದು ಗುಂಡನ್ನೂ ಹಾರಿಸದೆ, ಒಂದು ಟಾರ್ಪಿಡೋವನ್ನೂ ಬಿಡದೆ, ನಮ್ಮ ಎಷ್ಟೋ ಸೀಕಿಂಗ್‌ಗಳು ನೆಲಹಿಡಿದು ಕುಳಿತವು. ಬಸರೂರಿನ ವರ್ತಕನ ಹಡಗು ಕಾರ್ತಾಜ್ ಚೀಟಿಯಿಲ್ಲದೆ ಅಳಿವೆಯಲ್ಲಿ ಕಟ್ಟಿಬಿದ್ದುದಕ್ಕೂ ಸ್ವತಂತ್ರ ಭಾರತದ ಹೆಲಿಕಾಪ್ಟರು ಬಿಡಿಭಾಗವಿಲ್ಲದೆ ಕೊಟ್ಟಿಗೆಯಲ್ಲಿ ಕಟ್ಟಿಬಿದ್ದುದಕ್ಕೂ ಏನು ಭೇದ? ಚೀಟಿಯ ಆಕಾರವು ಬದಲಾಗಿತ್ತು. ಅಪ್ಪಣೆಯು ಪರರದಾಗಿಯೇ ಉಳಿದಿತ್ತು.

ಈ ಪೆಟ್ಟು ಬಿದ್ದ ಮೇಲಾದರೂ ನಾವು ಎಚ್ಚತ್ತೆವೆ? ಹೊಸ ಹೆಲಿಕಾಪ್ಟರುಗಳಿಗಾಗಿ 2008ರಲ್ಲಿ ಟೆಂಡರು ಕರೆದರು. 2014ರಲ್ಲಿ ಒಂದು ಯಂತ್ರವನ್ನು ಆರಿಸಿದರು. ಬೆಲೆಯು ಹೊಂದಲಿಲ್ಲವೆಂದು 2017ರಲ್ಲಿ ಎಲ್ಲವನ್ನೂ ರದ್ದುಪಡಿಸಿದರು. ಒಂಬತ್ತು ವರ್ಷಗಳು ಕಾಗದಪತ್ರಗಳಲ್ಲಿ ಸಂದುಹೋದವು. ಈ ನಡುವೆ ಕೋಟ್ಯಂತರ ರೂಪಾಯಿಗಳಿಂದ ಕಟ್ಟಿದ ಹೊಸ ಯುದ್ಧನೌಕೆಗಳು ತಮಗೆ ತಕ್ಕ ಹೆಲಿಕಾಪ್ಟರುಗಳ ಕೊರತೆಯಿಂದ ಅರ್ಧ ಕಿವುಡಾಗಿ ಕಡಲಿಗಿಳಿಯಬೇಕಾಯಿತು. ಹೀಗಾಗಿ 2020ರ ಕರಾರನ್ನು ನಾವು ಆಕ್ಷೇಪಿಸುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ನೀರು ಯಾರ ಬಾವಿಯದೆಂದು ವಿಚಾರಿಸುವುದು ವಿವೇಕವಲ್ಲ. ಆದರೆ ಬೆಂಕಿ ಆರಿದ ಮೇಲೂ ಸ್ವಂತ ಬಾವಿಯನ್ನು ತೋಡದೆ ನೆರೆಮನೆಯ ಹಗ್ಗವನ್ನೇ ನಂಬಿಕೊಂಡಿರುವುದು ಅದಕ್ಕಿಂತಲೂ ಅವಿವೇಕವೆಂದು ನಾವು ಹೇಳಬೇಕಾಗಿದೆ.

ಹಗ್ಗವು ಇನ್ನೂ ನೆರೆಯವರ ಕೈಯಲ್ಲಿಯೇ ಇದೆಯೆಂಬುದಕ್ಕೆ ಸಾಕ್ಷ್ಯವನ್ನು ದೂರ ಹುಡುಕಬೇಕಾಗಿಲ್ಲ. 2025ನೆಯ ನವಂಬರ್ 28ರಂದು ಈ 24 ಯಂತ್ರಗಳ ಬಿಡಿಭಾಗ, ದುರಸ್ತಿ, ಶಿಕ್ಷಣ ಮೊದಲಾದವುಗಳಿಗಾಗಿ ಅಮೆರಿಕದ ಸರಕಾರದೊಡನೆ ಸುಮಾರು 7,995 ಕೋಟಿ ರೂಪಾಯಿಗಳ ಮತ್ತೊಂದು ಕರಾರಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ಅಮೆರಿಕವು, ನಾವು ರಷ್ಯದಿಂದ ಎಣ್ಣೆ ಕೊಂಡೆವೆಂಬ ಕಾರಣವನ್ನೂ ಮುಂದೊಡ್ಡಿ, ಭಾರತದ ಅನೇಕ ಸರಕುಗಳ ಮೇಲೆ ನೂರಕ್ಕೆ 50ರವರೆಗೆ ಸುಂಕವನ್ನು ಏರಿಸಿತ್ತು. ಮೂರು ತಿಂಗಳ ಹಿಂದೆ ದಂಡ ವಿಧಿಸಿದವರ ಬಾಗಿಲಿಗೇ ಮತ್ತೆ ಹೋಗಿ ನಿಲ್ಲಬೇಕಾಯಿತು. ಯಂತ್ರವನ್ನು ಕೊಂಡ ಮೇಲೆ ಬೇರೆ ದಾರಿಯಿರಲಿಲ್ಲ. ಇದನ್ನು ಅಮೆರಿಕದವರ ಮೇಲಣ ದ್ವೇಷದಿಂದ ಬರೆಯುತ್ತಿಲ್ಲ. ತನ್ನ ಹಿತವನ್ನು ನೋಡಿಕೊಳ್ಳುವುದು ಯಾವ ರಾಷ್ಟ್ರಕ್ಕೂ ಸಹಜವೇ. ಮಿತ್ರರಾಷ್ಟ್ರವೆಂದು ನಂಬಿ ನಿಶ್ಚಿಂತರಾಗಿರೋಣವೆನ್ನುವವರಿಗೆ ನಾವು ಕೇಳುವುದಿಷ್ಟೆ: 1998ರಲ್ಲಿ ನಡೆದುದು ಇನ್ನೊಮ್ಮೆ ನಡೆಯಲಾರದೆಂದು ಯಾವ ಕರಾರಿನಲ್ಲಿ ಬರೆದಿದೆ? ಹೊಸ ಕರಾರಿನಲ್ಲಿ ನಮಗೆ ಒಪ್ಪಿಗೆಯಾಗುವ ಒಂದು ಅಂಶವುಂಟು. ಭಾಗಗಳನ್ನು ದುರಸ್ತಿಮಾಡುವ ಹಾಗೂ ನಿಯತಕಾಲದ ತಪಾಸಣೆ ನಡೆಸುವ ಏರ್ಪಾಡನ್ನು ಭಾರತದಲ್ಲಿಯೇ ಮಾಡತಕ್ಕದ್ದೆಂದು ಅದರಲ್ಲಿದೆ. ಆ ಏರ್ಪಾಡು ಬರಿಯ ಹೆಸರಿಗೆ ಆಗದೆ, ನಮ್ಮ ಕೈಗಳು ಯಂತ್ರದ ಹೊಟ್ಟೆಯೊಳಗಿನ ವಿದ್ಯೆಯನ್ನು ಕಲಿಯುವ ಪಾಠಶಾಲೆಯಾಗಬೇಕು.

ಮುಖ್ಯವಾದ ಉತ್ತರವು ಬೇರೆ ಕಡೆಯಿದೆ, ಅದೂ ನಮ್ಮ ರಾಜ್ಯದಲ್ಲಿಯೇ ಇದೆ. 1940ನೆಯ ಡಿಸೆಂಬರ್‌ನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ಸಹಾಯದಿಂದ ಬೆಂಗಳೂರಿನಲ್ಲಿ ಹಿಂದುಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅಲ್ಲಿ ರೂಪುಗೊಂಡ ಧ್ರುವ ಹೆಲಿಕಾಪ್ಟರು 1992ನೆಯ ಆಗಸ್ಟ್ 20ರಂದು ಮೊದಲು ಹಾರಿತು. ಹಿಮಾಲಯದ ಎತ್ತರದಲ್ಲಿ ಅದು ಸಲ್ಲಿಸಿದ ಸೇವೆಯು ಲೋಕಪ್ರಸಿದ್ಧ. ನಮ್ಮ ತೀರದಲ್ಲಿ ಸಲ್ಲಿಸಿದುದನ್ನು ಮೇಲೆ ಹೇಳಿದೆವು. ಆದರೆ ಭಾರವಾದ ಸೋನಾರನ್ನೂ ಟಾರ್ಪಿಡೋವನ್ನೂ ಹೊತ್ತು ಸಾಕಷ್ಟು ಹೊತ್ತು ಕಡಲಿನ ಮೇಲೆ ನಿಲ್ಲುವುದಕ್ಕೂ, ರೆಕ್ಕೆಗಳನ್ನು ಮಡಿಚಿಕೊಂಡು ಹಡಗಿನ ಇಕ್ಕಟ್ಟಾದ ಗೂಡಿನಲ್ಲಿ ಅಡಗುವುದಕ್ಕೂ ಅದು ನೌಕಾಪಡೆಯವರು ಬಯಸಿದ ಮಟ್ಟವನ್ನು ಮುಟ್ಟಲಿಲ್ಲ. 2025ನೆಯ ಜನವರಿ 5ರಂದು ಪೋರ್ಬಂದರಿನಲ್ಲಿ ಕರಾವಳಿ ರಕ್ಷಣಾಪಡೆಯ ಧ್ರುವವೊಂದು ಬಿದ್ದು ಮೂವರು ಮಡಿದ ಮೇಲೆ ಆ ಜಾತಿಯ ಹೆಲಿಕಾಪ್ಟರುಗಳ ಹಾರಾಟವನ್ನೇ ತಿಂಗಳುಗಟ್ಟಲೆ ನಿಲ್ಲಿಸಬೇಕಾಯಿತು. ಸ್ವದೇಶಾಭಿಮಾನವುಳ್ಳವರು ಈ ಸಂಗತಿಗಳನ್ನು ಮುಚ್ಚಿಡಬಾರದು. ಸ್ವದೇಶಿಯೆಂಬ ಹೆಸರು ಸಡಿಲವಾದ ಕೆಲಸಕ್ಕೆ ಹೊದಿಕೆಯಾಗಕೂಡದು. ಯಂತ್ರವು ಬಿದ್ದರೆ ಸಾಯುವವರು ನಮ್ಮ ಮಕ್ಕಳು.

ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ 615 ಎಕರೆಗಳ ಹೊಸ ಹೆಲಿಕಾಪ್ಟರು ಕಾರ್ಖಾನೆಯು 2023ನೆಯ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಇಪ್ಪತ್ತು ವರ್ಷಗಳಲ್ಲಿ ಸಾವಿರಕ್ಕೂ ಮಿಕ್ಕಿ ಹೆಲಿಕಾಪ್ಟರುಗಳನ್ನು ಅಲ್ಲಿ ತಯಾರಿಸುವ ಉದ್ದೇಶವನ್ನು ಸಾರಲಾಗಿದೆ. ಹಡಗಿನ ಮೇಲಿಂದ ಹಾರತಕ್ಕ, 13 ಟನ್ ವರ್ಗದ ಬಹುಕಾರ್ಯ ಹೆಲಿಕಾಪ್ಟರಿನ ವಿನ್ಯಾಸವನ್ನೂ ಬೆಂಗಳೂರಿನವರು ಕೈಗೊಂಡಿದ್ದಾರೆ. ಇವು ಫಲಿಸಬೇಕಾದರೆ ಮೂರು ನಿಯಮಗಳು ಅವಶ್ಯವೆಂದು ನಮ್ಮ ಅಭಿಪ್ರಾಯ. ಮೊದಲನೆಯದು, ಯಂತ್ರವನ್ನು ಹಾರಿಸತಕ್ಕ ನೌಕಾಧಿಕಾರಿಗಳು ವಿನ್ಯಾಸದ ಮೊದಲ ದಿನದಿಂದಲೇ ಕಾರ್ಖಾನೆಯವರ ಮಗ್ಗುಲಲ್ಲಿ ಕುಳಿತುಕೊಳ್ಳಬೇಕು; ಎಲ್ಲವೂ ಮುಗಿದ ಮೇಲೆ ಬಂದು ಇದು ಹೊಂದದೆನ್ನುವ ಪದ್ಧತಿಯು ನಿಲ್ಲಬೇಕು. ಎರಡನೆಯದು, ಹಣದ ಮಂಜೂರಾತಿಯು ವರ್ಷಕ್ಕೊಂದು ಮನಸ್ಸಿನಂತೆ ಇರದೆ, ಹತ್ತು ಹದಿನೈದು ವರ್ಷಗಳಿಗೆ ನಿಶ್ಚಿತವಾಗಿರಬೇಕು. ಮೂರನೆಯದು, ಪರೀಕ್ಷೆಯು ಕಠಿನವಾಗಿಯೂ ಅದರ ಫಲಿತಾಂಶವು ನಿರ್ದಾಕ್ಷಿಣ್ಯವಾಗಿಯೂ ಇರಬೇಕು. ಈ ಮೂರೂ ಇಲ್ಲದಿದ್ದರೆ, ಸೀಹಾಕಿನ ಆಯುಸ್ಸು ಮುಗಿಯುವ ಹೊತ್ತಿಗೆ ನಮ್ಮ ಮಕ್ಕಳು ಮತ್ತೊಂದು ಟೆಂಡರು ಕರೆಯುತ್ತ ಕುಳಿತಿರುವರೆಂಬುದರಲ್ಲಿ ಸಂಶಯವಿಲ್ಲ.

ಕಡೆಯದಾಗಿ ಕರಾವಳಿಯ ಜನರ ವಿಷಯ. ಕಾರವಾರದ ಸೀಬರ್ಡ್ ಯೋಜನೆಗೆ 1986ನೆಯ ಅಕ್ಟೋಬರ್ 24ರಂದು ಶಂಕುಸ್ಥಾಪನೆಯಾಯಿತು. 2005ನೆಯ ಮೇ 31ರಂದು ‘ಕದಂಬ’ ನೌಕಾನೆಲೆಯು ಸೇವೆಗೆ ಸೇರಿತು. ಕನ್ನಡದ ಮೊದಲ ಅರಸುಮನೆತನದ ಹೆಸರನ್ನು ಹೊತ್ತ ಆ ನೆಲೆಗಾಗಿ ಅರಗಾ, ಬಿಣಗಾ ಮೊದಲಾದ ಊರುಗಳ ನಾಲ್ಕು ಸಾವಿರಕ್ಕೂ ಮಿಕ್ಕಿದ ಕುಟುಂಬಗಳು ಮನೆಮಠ ಬಿಟ್ಟೆದ್ದವು. ಅವರ ಪರಿಹಾರದ ವ್ಯಾಜ್ಯಗಳು ನ್ಯಾಯಾಲಯಗಳಲ್ಲಿ ದಶಕಗಳ ಕಾಲ ನಡೆದವು. ಆ ನೆಲೆಯ ವಿಸ್ತರಣದಲ್ಲಿ ಅಂಕೋಲೆಯ ಅಲಗೇರಿಯ ಬಳಿ ನೌಕಾ ವಿಮಾನನಿಲ್ದಾಣವೂ ಸೇರಿದೆ. ಇಲ್ಲಿ ನೆಲ ಬಿಟ್ಟುಕೊಡುವವರು ಹಿಂದಿನವರಂತೆ ಕಚೇರಿಯಿಂದ ಕಚೇರಿಗೆ ಅಲೆಯುವಂತಾಗಬಾರದು. ಹೆಲಿಕಾಪ್ಟರುಗಳ ದುರಸ್ತಿಯ ವಿದ್ಯೆಯನ್ನು ಕಲಿಸುವ ಶಾಲೆಗಳು ನಮ್ಮ ಜಿಲ್ಲೆಗಳಲ್ಲಿ ಏರ್ಪಟ್ಟು, ಆ ಕುಟುಂಬಗಳ ಹುಡುಗರಿಗೂ ಮೀನುಗಾರರ ಮಕ್ಕಳಿಗೂ ಅದರಲ್ಲಿ ಮೊದಲ ಪಾಲು ದೊರೆಯಬೇಕು. ನೌಕಾಪಡೆಯ ಅಭ್ಯಾಸಗಳ ಮುನ್ಸೂಚನೆಯು ಗಂಗೊಳ್ಳಿ, ಮಲ್ಪೆಗಳ ದೋಣಿಯವರಿಗೆ ಸಕಾಲದಲ್ಲಿ, ಅವರು ಓದಬಲ್ಲ ಕನ್ನಡದಲ್ಲಿ ತಲುಪಬೇಕು. ಕಡಲಿನ ಮೇಲೆ ಹಗಲಿರುಳು ಇರುವವನು ಮೀನುಗಾರ. ಅವನ ವಿಶ್ವಾಸವಿಲ್ಲದ ಕಾವಲು ಎಷ್ಟು ಬೆಲೆಯ ಯಂತ್ರದಿಂದಲೂ ಪೂರ್ಣವಾಗದು.

ಸೀಹಾಕ್ ದಳಗಳನ್ನು ನಾವು ಸ್ವಾಗತಿಸುತ್ತೇವೆ. ಅವುಗಳಲ್ಲಿ ಹಾರುವ ತರುಣರ ಸಾಹಸಕ್ಕೆ ತಲೆಬಾಗುತ್ತೇವೆ. ಖುಕ್ರಿಯ 194 ಮಂದಿಯ ಋಣವು ಇವರಿಂದ ಸ್ವಲ್ಪಮಟ್ಟಿಗಾದರೂ ತೀರೀತೆಂದು ನಂಬುತ್ತೇವೆ. ಆದರೆ ಈ 24 ಯಂತ್ರಗಳು ನಮಗೆ ಕೊಂಡುಕೊಟ್ಟಿರುವುದು ಬಲವನ್ನಲ್ಲ, ಬಲವನ್ನು ಸಂಪಾದಿಸಿಕೊಳ್ಳುವುದಕ್ಕೆ ಬೇಕಾದ ಕಾಲಾವಕಾಶವನ್ನು. ಆ ಕಾಲವನ್ನು ಬೆಂಗಳೂರೂ ಗುಬ್ಬಿಯೂ ದಿಲ್ಲಿಯೂ ವ್ಯರ್ಥಮಾಡದಿರಲಿ. ತನ್ನ ಕಡಲಿನಲ್ಲಿ ತನ್ನ ಹಡಗನ್ನು ತೇಲಿಬಿಡುವುದಕ್ಕೆ ಪರರ ಚೀಟಿಗಾಗಿ ಕೈಯೊಡ್ಡಿದ ಊರಿನ ಗತಿಯೇನಾಯಿತೆಂಬುದನ್ನು ನೋಡಬಯಸುವ ಅಧಿಕಾರಿಗಳಿಗೆ ಬಸರೂರು ಬಹಳ ದೂರವಿಲ್ಲ.